ಮೊಣಕಾಲು ಊರ್ರೆಪ್ಪಾ!

ನಿನ್ನೆ ಭಾನುವಾರ ಊರಿಂದ ಬಂದ ಬೀಗರಿಗೆ ಗೋಳಗುಮ್ಮಟ ತೋರಿಸಲು ಹೋಗಿದ್ದೆ. ಬಿಜಾಪುರದವರ ಹಣೆಬರಹವೇ ಇದು, ಮನೆಗೆ ಯಾರು ಬಂದರೂ ಮೊದಲು ಗುಮ್ಮಟ, ಆಮೇಲೆ ಊಟ. (ವಿಜಯಪುರ ಅಂತ ಬರೀಬೇಕು, ಗೊತ್ತು. ಕೈ ಕೇಳಲ್ಲ.)

ಮಧ್ಯಾಹ್ನ ಹನ್ನೆರಡೂವರೆ. ಹುಲ್ಲಿನ ಮೇಲೆ ನಾಲ್ಕು ವರ್ಷದ ಕೂಸೊಂದು ನಿಂತಿತ್ತು. ಮೈಗೆ ಚುಚ್ಚುವ ನೆಟ್ಟಿನ ಫ್ರಾಕು, ತಲೆಗೆ ಹೂವಿನ ಬ್ಯಾಂಡು. ಎದುರಿಗೆ ಅಪ್ಪ, ಕೈಯಲ್ಲಿ ಇನ್ನೂ ಸ್ಟಿಕ್ಕರ್ ಕೀಳದ ಕ್ಯಾಮೆರಾ.

"ಕಣ್ ತೆಗಿ. ನನ್ ಕಡೆ ನೋಡು. ನಗು. ಹಂಗಲ್ಲ, ಚೆಂದಂಗ ನಗು!"

ಗುಮ್ಮಟದ ಬಾಗಿಲು ದಕ್ಷಿಣಕ್ಕಿದೆ. ಅದಕ್ಕೆ ಬೆನ್ನು ಮಾಡಿ ನಿಂತವರ ಮಾರಿಯೂ ದಕ್ಷಿಣಕ್ಕೇ. ಚಳಿಗಾಲದ ನಡುಹಗಲಲ್ಲಿ ಸೂರ್ಯ ಇರುವುದೂ ಅಲ್ಲೇ. ಆ ಕೂಸು ಕಣ್ಣು ಹೆಂಗ ತೆಗೀಬೇಕು ಹೇಳ್ರಿ? ನೀರು ಸುರಿಯುತ್ತಿತ್ತು. ಕೊನೆಗೆ ಬಾಯಿ ಬಿಟ್ಟು ಅತ್ತಿತು. ಅದಕ್ಕೆ ಅಪ್ಪನ ಮಾತು: "ಇಷ್ಟು ರೊಕ್ಕಾ ಕೊಟ್ಟು ಕ್ಯಾಮೆರಾ ತಂದೀನಿ, ನೀ ನೋಡಿದ್ರ ಹಿಂಗ ಮಾರಿ ಮಾಡ್ತಿ!"

ನಾನು ಬಾಯಿ ಹಾಕಬೇಕು ಅನ್ನುವಷ್ಟರಲ್ಲಿ ನಮ್ಮ ಮನೆಯವಳು ತೋಳು ಚಿವುಟಿದಳು. ಅಲ್ಲಿ ನುಂಗಿದ್ದನ್ನು ಇಲ್ಲಿ ಕಾರುತ್ತಿದ್ದೇನೆ, ಸಹಿಸಿಕೊಳ್ಳಿ.

ಬಿಸಿಲು ಒಂದು ಕಡೆ ಇರಲಿ. ಅರ್ಧ ಗಂಟೆಯಲ್ಲಿ ಆ ಮನುಷ್ಯ ಒಂದು ಸಲವಾದರೂ ಬಗ್ಗಲಿಲ್ಲ. ಆರು ಅಡಿ ಎತ್ತರದಿಂದ ಮೂರು ಅಡಿಯ ಕೂಸಿಗೆ ಗುರಿ! ಬಾವಿಯೊಳಗೆ ಇಣುಕಿ ಬಿಂದಿಗೆ ಹುಡುಕಿದ ಹಾಗೆ. ಮೇಲಿಂದ ತೆಗೆದರೆ ತಲೆ ಕುಂಬಳಕಾಯಿ, ಕಾಲು ಕಡ್ಡಿ, ಹಿಂದೆ ಬರೀ ಹುಲ್ಲು ಮತ್ತು ಯಾರೋ ಬಿಸಾಕಿದ ಚುರುಮುರಿ ಪೊಟ್ಟಣ. ಗುಮ್ಮಟ ಎಲ್ಲಿ? ಗುಮ್ಮಟ ಬರಲಿ ಅಂತ ಕೂಸನ್ನು ಹಿಂದಕ್ಕೆ, ಹಿಂದಕ್ಕೆ ಕಳಿಸಿದ. ಕೂಸು ಶೇಂಗಾ ಬೀಜದಷ್ಟಾಯಿತು.

ಲೆಕ್ಕ ಬಹಳ ಸರಳ ಇದೆ. ಗುಮ್ಮಟದ ಎತ್ತರ ಸುಮಾರು 50 ಮೀಟರ್. ನೀವು ಅದರಿಂದ 100 ಮೀಟರ್ ದೂರ ಇರಿ. ಒಂದು ಮೀಟರ್ ಎತ್ತರದ ಕೂಸನ್ನು ನಿಮ್ಮಿಂದ 2 ಮೀಟರ್ ದೂರದಲ್ಲಿ ನಿಲ್ಲಿಸಿ. ಮೊಣಕಾಲೂರಿ ಕ್ಯಾಮೆರಾವನ್ನು ಕೂಸಿನ ಕಣ್ಣಿನ ಮಟ್ಟಕ್ಕೆ ತನ್ನಿ. ಫೋಟೊದಲ್ಲಿ ಆದಿಲ್‌ಶಾಹನ ಗುಮ್ಮಟವೂ ನಿಮ್ಮ ಕೂಸೂ ಸರಿಸಮ! 1656ರಲ್ಲಿ ಮುಗಿದ ಕಟ್ಟಡ ಎಲ್ಲಿಗೂ ಓಡಿಹೋಗುವುದಿಲ್ಲ, ಬಗ್ಗಬೇಕಾದವರು ನಾವು.

"ಸರ, ಈಗ ಫೋನೇ ಎಲ್ಲಾ ಮಾಡ್ತದಲ್ರಿ, ಪೋರ್ಟ್ರೇಟ್ ಮೋಡ್ ಐತಿ" ಅಂತ ಯಾರೋ ಕಮೆಂಟ್ ಹಾಕುತ್ತೀರಿ, ನನಗೆ ಗೊತ್ತು. ಐತಿ. ಹಿನ್ನೆಲೆ ಮಸುಕು ಮಾಡುತ್ತದೆ, ಜೊತೆಗೆ ಕೂಸಿನ ಗುಂಗುರು ಕೂದಲಿನ ಅಂಚನ್ನೂ ಅರ್ಧ ನುಂಗುತ್ತದೆ. ಆದರೆ ನಿಮ್ಮ ಮೊಣಕಾಲು ಮಡಚುವ ಮೋಡ್ ಯಾವ ಕಂಪನಿಯೂ ಇನ್ನೂ ಬಿಟ್ಟಿಲ್ಲ. ಫೋನೇ ಇರಲಿ, 2x ಜೂಮ್ ಒತ್ತಿ ಎರಡು ಹೆಜ್ಜೆ ಹಿಂದೆ ಸರಿಯಿರಿ. ಮಾರಿಗೆ ಹತ್ತಿಕೊಂಡು ತೆಗೆದರೆ ಮೂಗು ಬದನೆಕಾಯಿ ಆಗುತ್ತದೆ. ಓಡುವ ಕೂಸಾದರೆ ಚಿತ್ರ ಮಸುಕಾಗದ ಹಾಗೆ ಕ್ಯಾಮೆರಾದ ಶಟರ್ ವೇಗ ಸೆಕೆಂಡಿನ 1/500ಕ್ಕಿಂತ ಕೆಳಗೆ ಇಳಿಸಬೇಡಿ, ಫೋಕಸ್ ಹತ್ತಿರದ ಕಣ್ಣಿನ ಮೇಲಿರಲಿ. ಮುಗೀತು, ಯಂತ್ರದ ಮಾತು ಇಷ್ಟೇ.

ಬೆಳಕಿನ ಮಾತು ಮಾತ್ರ ಮುಗಿಯಲ್ಲ. ಬೇವಿನ ಮರದ ಕೆಳಗೆ ನಿಲ್ಲಿಸಿ ಜಾಣರಾದೆವು ಅಂದುಕೊಳ್ಳುತ್ತೀರಿ, ಎಲೆ ಸಂದಿಯ ಬಿಸಿಲು ಮಾರಿ ಮೇಲೆ ಚುಕ್ಕಿ ಚುಕ್ಕಿ ಬಿದ್ದು ಕೂಸಿಗೆ ತೊನ್ನು ಹತ್ತಿದ ಹಾಗೆ ಕಾಣುತ್ತದೆ. ಮೇ ಮೊದಲ ವಾರದ ಹೊತ್ತಿಗಂತೂ ನಮ್ಮೂರಲ್ಲಿ ಮಧ್ಯಾಹ್ನದ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ. ಆಗ ಕಣ್ಣಿದ್ದ ಜಾಗದಲ್ಲಿ ಎರಡು ಕಪ್ಪು ಗುಂಡಿ, ಮೂಗಿನ ಕೆಳಗೆ ಮೀಸೆ. ನಡುಹಗಲಲ್ಲೇ ತೆಗೆಯಬೇಕೆಂಬ ಹಟವಿದ್ದರೆ ನಮ್ಮೂರಿನ ಇನ್ನೊಂದು ಗೋರಿ ಕಟ್ಟಡ ಇಬ್ರಾಹಿಂ ರೋಜಾಕ್ಕೆ ಹೋಗಿ. ಅಲ್ಲಿನ ಕಮಾನುಗಳ ಒಳಗೆ, ನೆರಳಿನ ಅಂಚಿನಲ್ಲಿ ಕೂಸನ್ನು ಹೊರಗಿನ ಬೆಳಕಿಗೆ ಮುಖ ಮಾಡಿ ಕೂಡ್ರಿಸಿ. ಕಣ್ಣಲ್ಲಿ ದೀಪ ಹಚ್ಚಿದ ಹಾಗೆ ಆಗುತ್ತದೆ.

ಇನ್ನು ಆ "ನಗು, ನಗು". ನಿಮ್ಮ ಸಾಹೇಬರು ಎದುರು ನಿಂತು "ನಗು" ಅಂದರೆ ನೀವು ನಗುತ್ತೀರಲ್ಲ, ಕೂಸೂ ಹಾಗೇ ನಗುತ್ತದೆ. ಮೊದಲು ಗೋಳಗುಮ್ಮಟದ ಮೇಲಿನ ಪಿಸುಗುಟ್ಟುವ ಗ್ಯಾಲರಿಗೆ ಕರೆದೊಯ್ಯಿರಿ, "ಅವ್ವಾ" ಅಂತ ಕೂಗಿಸಿ (ಕೂಗಿದ್ದು ಅಲ್ಲಿ ಹಲವು ಸಲ ಮಾರ್ದನಿಸುತ್ತದೆ). ಕೆಳಗೆ ಬಂದ ಮೇಲೆ ಎದುರು ಮೊಣಕಾಲೂರಿ ಕೇಳಿ: "ಗುಮ್ಮಟ ಎಷ್ಟು ಸಲ ಅವ್ವಾ ಅಂತು?" ಅದು ಬೆರಳು ಮಡಚಿ ಎಣಿಸುತ್ತದಲ್ಲ, ನಡುವೆ ಲೆಕ್ಕ ತಪ್ಪಿ ನಿಮ್ಮ ಮಾರಿ ನೋಡುತ್ತದಲ್ಲ, ಆಗ ಒತ್ತಿ.

ಇಷ್ಟೆಲ್ಲ ಬರೆದವನು ಏನು ಸಾಚಾ ಅಲ್ಲ. ಮದುವೆ, ಜವಳ, ತೊಟ್ಟಿಲು ಅಂತ ಮಂದಿ ಮಕ್ಕಳ ಮುಂದೆಲ್ಲ ನೆಲಕ್ಕೆ ಬಿದ್ದು ಫೋಟೊ ತೆಗೆದ ನಾನು, ನನ್ನ ಮಗನ ಎರಡನೇ ಹುಟ್ಟುಹಬ್ಬದ ದಿನ ನಿಂತೇ ತೆಗೆದೆ. ಹೊಸ ಪ್ಯಾಂಟು ಹಾಕಿದ್ದೆ, ನಿಜ ಹೇಳುತ್ತೇನೆ. ಅವನನ್ನು ಗದರಿಸಿದೆ ಕೂಡ. ಮುನ್ನೂರು ಫೋಟೊದಲ್ಲಿ ಅವನು ಮುನ್ನೂರು ಸಲ ನನಗೆ ಹೆದರಿದ್ದಾನೆ.

ಈಗ ಗೋಡೆ ಮೇಲಿರುವ ಫೋಟೊ ನನ್ನದಲ್ಲ, ನಮ್ಮವ್ವನದು. ಪಡಸಾಲೆಯಲ್ಲಿ ಕೂತು ಶೇಂಗಾ ಸುಲಿಯುತ್ತಿದ್ದಳು, ಪಕ್ಕದಲ್ಲಿ ಸೊಸೆಯ ಫೋನು ಬಿದ್ದಿತ್ತು. ನನ್ನ ಮಗ ಬೀಜ ಕದಿಯಲು ಬಂದಾಗ ಒತ್ತಿದ್ದಾಳೆ. ಅಂಗಳದ ಬೆಳಕು ಎದುರಿಗೆ, ಮೇಲೆ ಮಾಳಿಗೆಯ ನೆರಳು. ಹಾಳಾದ ಮೊಣಕಾಲು ನೋವಿಗೆ ಅವಳು ನೆಲ ಬಿಟ್ಟು ಏಳುವುದೇ ಇಲ್ಲ, ಅದಕ್ಕೇ ಫೋನು ತಾನಾಗಿಯೇ ಅವನ ಕಣ್ಣಿನ ಮಟ್ಟಕ್ಕಿತ್ತು. ಮೂಲೆಯಲ್ಲಿ ಅವಳ ಹೆಬ್ಬೆರಳೂ ಬಂದಿದೆ, ಕತ್ತರಿಸಲು ನನಗೆ ಮನಸ್ಸಾಗಿಲ್ಲ.

ಮುಂದಿನ ಭಾನುವಾರ ಸಂಜೆ ನಾಲ್ಕೂವರೆಗೆ ನಮ್ಮೂರ ಬಾರಾಕಮಾನಿನ ಹತ್ತಿರ ಇರುತ್ತೇನೆ. ಮಕ್ಕಳನ್ನು ಕರಕೊಂಡು ಬರುವವರು ಬರ್ರಿ, ದುಡ್ಡು ಬ್ಯಾಡ. ಕೂಸಿಗೆ ದಿನಾ ಹಾಕುವ ಅರಿವೆಯೇ ಇರಲಿ. ಅಪ್ಪಂದಿರು ಮಾತ್ರ ಬಿಳಿ ಪ್ಯಾಂಟ್ ಹಾಕ್ಕೊಂಡು ಬರಬ್ಯಾಡ್ರಿ.