ಹನ್ನೊಂದು ಮೊರ, ಒಂದು ಸರ್ವಿಸ್ ಲಿಫ್ಟ್

ಸರ್ಜಾಪುರ ರಸ್ತೆಯ ಕಡೆ ಒಂದು ಗೃಹಪ್ರವೇಶಕ್ಕೆ ಹೋಗಿದ್ದೆವು. ಹಳೇ ಸ್ನೇಹಿತರ ಮಗನ ಮನೆ. ಹದಿನಾಲ್ಕನೇ ಮಹಡಿ. ಹೊಸಲು ದಾಟಿದ ಕೂಡಲೇ ಎದುರಿಗೆ ಮೊರ. ಒಂದಲ್ಲ, ಹನ್ನೊಂದು. ಎಲ್ಲವೂ ಗೋಡೆಯ ಮೇಲೆ. ಅಕ್ಕಿ ಕೇರುವ ಮೊರವೇ ಸ್ವಾಮಿ, ಅನುಮಾನ ಬೇಡ. ನಡುವಿನ ದೊಡ್ಡ ಮೊರಕ್ಕೆ ಮೇಲಿಂದ ಪುಟ್ಟ ದೀಪ ಬೇರೆ, ಗರ್ಭಗುಡಿಯ ಮೂರ್ತಿಗೆ ಹಾಕಿದ ಹಾಗೆ. ನಮ್ಮಜ್ಜಿ ಹೊಸ ಮೊರ ತಂದರೆ ಸಗಣಿ ಸಾರಿಸಿ ಬಿಸಿಲಿಗೆ ಇಡುತ್ತಿದ್ದರು. ಇವಕ್ಕೆ ವಾರ್ನಿಷ್ ಸಾರಿಸಿದ್ದರು.

'ರೀ, ಇವರ ಮನೇಲಿ ಅಕ್ಕಿ ಕೇರ್ತಾರಾ?' ಅಂತ ನನ್ನ ಹೆಂಡತಿ ಕಿವಿಯಲ್ಲಿ ಕೇಳಿದಳು. ಅಕ್ಕಿ ಹತ್ತು ನಿಮಿಷಕ್ಕೆ ಮನೆ ಬಾಗಿಲಿಗೆ ಬರುತ್ತೆ, ಅದರಲ್ಲಿ ಕಲ್ಲು ಹುಡುಕಿದರೂ ಸಿಗಲ್ಲ ಕಣೇ ಅಂದೆ.

ಮನೆ ತೋರಿಸಲು ಡಿಸೈನರ್ ಹುಡುಗಿಯೇ ಬಂದಿದ್ದಳು. ಈಗ ಹಾಗಂತೆ. ಪುರೋಹಿತರು ಹೋಮ ಮುಗಿಸಿದ ಮೇಲೆ ಡಿಸೈನರ್ ಪಾಳಿ. 'ಎಲ್ಲಾ ಲೋಕಲ್ ಆರ್ಟಿಸನ್ಸ್ ಕೈಯಲ್ಲೇ ಮಾಡಿಸಿದ್ದು ಸರ್. ಒಂದೊಂದಕ್ಕೂ ಒಂದೊಂದು ಕಥೆ ಇದೆ' ಅಂದಳು. ಮೊರದ ಮೇಲೆ ಬಿಳಿ ಗೆರೆಯಲ್ಲಿ ಕುಣಿಯುವ ಮನುಷ್ಯರ ಚಿತ್ರ ಇತ್ತು. ಇದು ಮಹಾರಾಷ್ಟ್ರದ ವಾರ್ಲಿ ಅಲ್ವೇನಮ್ಮ, ನಮ್ಮ ಸಾಗರದ ಕಡೆ ದೀವರ ಹೆಣ್ಣುಮಕ್ಕಳು ಬರೆಯುವ ಹಸೆ ಚಿತ್ತಾರ ಇದೆಯಲ್ಲ, ಕೆಮ್ಮಣ್ಣು ಬಳಿದು ಅಕ್ಕಿ ಹಿಟ್ಟಲ್ಲಿ ಗೆರೆ ಎಳೀತಾರಲ್ಲ, ಅದನ್ನು ಹಾಕಿಸಬಹುದಿತ್ತು ಅಂದೆ. 'ವಾರ್ಲಿ ಸ್ಟಿಕ್ಕರ್ ರೆಡಿ ಸಿಗುತ್ತೆ ಸರ್. ಅದು ಸಿಗಲ್ಲ' ಅಂದಳು.

ಸರಿ, ಈ ಮೊರ ಹೆಣೆದವರು ಯಾರು ಅಂತ ಕೇಳಿದೆ. ಅವಳು ಫೋನ್ ನೋಡಿದಳು. 'ವೆಂಡರ್ ಹತ್ರ ಕೇಳಿ ಹೇಳ್ತೀನಿ ಸರ್.'

ಕಥೆ ಇದೆ, ಹೆಸರಿಲ್ಲ. ಅವಳನ್ನೊಬ್ಬಳನ್ನೇ ಯಾಕೆ ಆಡಿಕೊಳ್ಳಬೇಕು ಬಿಡಿ. ವಿಧಾನಸೌಧದ ಸಚಿವ ಸಂಪುಟದ ಕೊಠಡಿಗೆ ಶ್ರೀಗಂಧದ ಬಾಗಿಲಿದೆ. ವಿಧಾನಸೌಧ ಅಂದ ಕೂಡಲೇ ಕೆಂಗಲ್ ಹನುಮಂತಯ್ಯನವರ ಹೆಸರು ಶಾಲೆಯ ಮಕ್ಕಳೂ ಹೇಳುತ್ತಾರೆ. ಆ ಬಾಗಿಲು ಕೆತ್ತಿದವರ ಹೆಸರು ಹೇಳಿ ನೋಡೋಣ. ನನಗೂ ಗೊತ್ತಿಲ್ಲ.

ಈ 'ಆರ್ಟಿಸನ್' ಅನ್ನುವ ಪದ ಬಂದಿದ್ದು ಎಷ್ಟು ಅನುಕೂಲ ಆಯಿತು ನೋಡಿ. ಮೊದಲು ಮೇದಾರ, ಕುಂಬಾರ, ಆಚಾರಿ, ಗುಡಿಗಾರ, ಚಿತ್ರಗಾರ ಅಂತ ಒಬ್ಬೊಬ್ಬರನ್ನೂ ನೆನಪಿಟ್ಟುಕೊಳ್ಳಬೇಕಿತ್ತು. ಆ ಹೆಸರಿನ ಜೊತೆಗೆ ಜಾತಿಯೂ, ಜಾತಿಯ ಜೊತೆಗೆ ಯಾರು ಎಲ್ಲಿ ನಿಲ್ಲಬೇಕು ಅನ್ನೋದೂ ಅಂಟಿಕೊಂಡಿತ್ತು. ಅದೇನೂ ಚಂದದ ಕಾಲ ಅಲ್ಲ. ಈಗ ಎಲ್ಲರಿಗೂ ಒಟ್ಟಿಗೆ ಬಡ್ತಿ ಕೊಟ್ಟು ಆರ್ಟಿಸನ್ ಮಾಡಿದ್ದೇವೆ. ಸಂಬಳ ಹಳೇದೇ. ಎಲ್ಲಿ ನಿಲ್ಲಬೇಕು ಅನ್ನೋದೂ ಹಳೇದೇ. ಆ ವಿಷಯಕ್ಕೆ ಆಮೇಲೆ ಬರುತ್ತೇನೆ.

ಬಾಲ್ಕನಿಯಲ್ಲಿ ಒರಳುಕಲ್ಲು ಇತ್ತು, ಅದರೊಳಗೆ ನೀರು, ನೀರಲ್ಲಿ ಪ್ಲಾಸ್ಟಿಕ್ ತಾವರೆ. ಬಾಗಿಲ ಪಕ್ಕ ತಾಮ್ರದ ಹಂಡೆ, ಅದರಲ್ಲಿ ಮೂರು ಛತ್ರಿ. ಹಂಡೆ ನೋಡಿ ನನಗೆ ಕಲಾಯಿಯವರು ನೆನಪಾದರು. ಚಾಮರಾಜಪೇಟೆಯ ನಮ್ಮ ಬೀದಿಗೆ ಬಂದು ಮರದ ಕೆಳಗೆ ಗುಂಡಿ ತೋಡಿ ಕೂರುತ್ತಿದ್ದರು. ತಿದಿ ಒತ್ತಿ ಕೆಂಡ ಮಾಡಿ, ಪಾತ್ರೆ ಕಾಯಿಸಿ, ಒಂದು ಚಿಟಿಕೆ ನವಸಾಗರ ಉದುರಿಸಿ, ತವರ ಮುಟ್ಟಿಸಿ, ಅರಳೆಯಲ್ಲಿ ಒಂದು ಸುತ್ತು ತಿರುವಿದರೆ ಮುಗಿಯಿತು, ಪಾತ್ರೆಯೊಳಗೆ ಹುಣ್ಣಿಮೆ. ನಾವು ಹುಡುಗರು ಹೊಗೆ ಕುಡಿದುಕೊಂಡು ಅಲ್ಲೇ ನಿಂತಿರುತ್ತಿದ್ದೆವು. ಸ್ಟೀಲ್ ಬಂತು, ಅವರು ಹೋದರು. ಛತ್ರಿ ಇಡುವ ಹಂಡೆಗೆ ಕಲಾಯಿ ಯಾಕೆ ಬೇಕು ಹೇಳಿ?

ಅದೇ ನವಸಾಗರ ಬೀದರಿನಲ್ಲಿ ಇನ್ನೊಂದು ಕೆಲಸ ಮಾಡುತ್ತದೆ. ಬಿದ್ರಿಯವರು ಸತುವಿಗೆ ಸ್ವಲ್ಪ ತಾಮ್ರ ಸೇರಿಸಿ ಎರಕ ಹೊಯ್ದು, ಮೇಲೆ ಉಳಿಯಿಂದ ಗೀರಿ, ಆ ಗೀರಿನೊಳಗೆ ಬೆಳ್ಳಿ ತಂತಿ ಕೂರಿಸುತ್ತಾರೆ. ಕೊನೆಗೆ ಬೀದರ್ ಕೋಟೆಯ ಮಣ್ಣು ಮತ್ತು ನವಸಾಗರ ಕಲಸಿ ಉಜ್ಜುತ್ತಾರೆ. ಸತು ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಮಳೆ ಬಿಸಿಲು ಕಾಣದ ಜಾಗದ ಮಣ್ಣೇ ಆಗಬೇಕು. ಸರಿಯಾದ ಮಣ್ಣು ಹೌದೋ ಅಲ್ಲವೋ ಅಂತ ನಾಲಿಗೆಗೆ ತಾಗಿಸಿ ನೋಡುವವರಿದ್ದಾರೆ. ಈ ಕೆಲಸಕ್ಕೇ 2023ರಲ್ಲಿ ಬೀದರಿನ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಪದ್ಮಶ್ರೀ ಬಂದಿದ್ದು.

ಹದಿನಾಲ್ಕನೇ ಮಹಡಿಯಲ್ಲೂ ಒಂದು ಕಪ್ಪು ಹೂದಾನಿ ಇತ್ತು. ಬಿದ್ರಿಯಾ ಅಂತ ಖುಷಿಯಿಂದ ಎತ್ತಿದೆ. ಹತ್ತಿಯ ಹಾಗೆ ಹಗುರ. 'ಬಿದ್ರಿ ಇನ್‌ಸ್ಪೈರ್ಡ್ ಸರ್, ರೆಸಿನ್' ಅಂದಳು. ಇನ್‌ಸ್ಪೈರ್ಡ್ ಅಂದರೆ ಏನು ಅಂತ ಅವತ್ತು ಅರ್ಥ ಆಯಿತು. ಕದ್ದಿದ್ದು, ಆದರೆ ಬಹಳ ಗೌರವದಿಂದ.

ಇನ್ನು ನೆಲ. ಕೆಂಪು ಗಾರೆ ನೆಲದ ವಿಷಯ ಮಾತಾಡಲು ನನಗೆ ಯೋಗ್ಯತೆ ಇಲ್ಲ. ನಮ್ಮ ಮನೆಯಲ್ಲೂ ಇತ್ತು. ಬೇಸಿಗೆಯಲ್ಲಿ ಚಾಪೆ ಇಲ್ಲದೆ ಬರೀ ಮೈಯಲ್ಲಿ ಮಲಗಿದರೆ ತಣ್ಣಗೆ ಸುಖ. ಅಂಥದ್ದನ್ನು ದುಡ್ಡು ಕೊಟ್ಟು ಒಡೆಸಿ ವಿಟ್ರಿಫೈಡ್ ಟೈಲ್ಸ್ ಹಾಕಿಸಿದ ಮಹಾನುಭಾವ ನಾನು. ನೆಂಟರು ಬಂದು 'ಓಹೋ, ಕನ್ನಡಿ ಹಾಗಿದೆ' ಅಂದಾಗ ಹಿಗ್ಗಿದ್ದೆ. ಆವತ್ತು ಗಾರೆ ಮೇಸ್ತ್ರಿ ಬಂದು ಒಡೆದ ಚೂರು ಕೈಯಲ್ಲಿ ಹಿಡಿದು ಒಂದು ಮಾತೂ ಆಡದೆ ಕೆಳಗಿಟ್ಟರು. ಅದು ಅವರ ಅಪ್ಪ ಹಾಕಿದ ನೆಲ. ಈಗ ಆ ಕೆಲಸ ಬಲ್ಲವರನ್ನು ಡಿಸೈನರುಗಳು ದೀಪ ಹಿಡಿದು ಹುಡುಕುತ್ತಿದ್ದಾರೆ. ಸಿಗದಿದ್ದವರಿಗೆ ಕೆಂಪು ಗಾರೆಯಂತೆ ಕಾಣುವ ಟೈಲ್ಸ್ ಬಂದಿದೆ. ಈ ಮನೆಯಲ್ಲಿ ಅದೇ. ಬಿರುಕನ್ನೂ ಬಿಡದೆ ಪ್ರಿಂಟ್ ಮಾಡಿದ್ದಾರೆ. ಪ್ರತಿ ನಾಲ್ಕನೇ ಟೈಲಿಗೆ ಅದೇ ಬಿರುಕು.

ವಾರ್ಡ್‌ರೋಬಿನ ಹಿಡಿಗಳು ಮಾತ್ರ ನಿಜವಾದ ಚನ್ನಪಟ್ಟಣದವು. ಹಳದಿ, ಕೆಂಪು, ಹಸಿರು. ಮುಟ್ಟಿದರೆ ಬೆಣ್ಣೆ. ಹಾಲೆ ಮರದ ತುಂಡನ್ನು ಚರಕಿಗೆ ಸಿಕ್ಕಿಸಿ ತಿರುಗಿಸುತ್ತಾ ಅರಗಿನ ಬಣ್ಣದ ಕಡ್ಡಿ ಒತ್ತಿ ಹಿಡಿದರೆ, ಆ ಉಜ್ಜಾಟದ ಬಿಸಿಗೇ ಅರಗು ಕರಗಿ ಮರ ಹಿಡಿಯುತ್ತದೆ. ಆಮೇಲೆ ಕೇದಗೆ ಗರಿಯಲ್ಲಿ ಒರೆಸಿದರೆ ಈ ಹೊಳಪು. ಅದನ್ನು ಹೊಗಳುತ್ತಾ, ಚನ್ನಪಟ್ಟಣಕ್ಕೆ ಹೋಗಿ ತಂದಿರಾ ಅಂತ ಕೇಳಿದೆ. 'ಇಲ್ಲ ಅಂಕಲ್, ಆನ್‌ಲೈನ್. ಮೈಸೂರಿಗೆ ತಿಂಗಳಿಗೊಂದ್ಸಲ ಹೋಗ್ತೀವಿ, ಆದರೆ ಚನ್ನಪಟ್ಟಣ ಎಲ್ಲಿ ಬರುತ್ತೆ?' ಅಂದ ಮನೆಯ ಹುಡುಗ.

ಎಲ್ಲಿ ಬರುತ್ತೆ! ಪಾಪ, ಅವನು ಸುಳ್ಳೇನೂ ಹೇಳಲಿಲ್ಲ. ಬರೋದೇ ಇಲ್ಲ. 118 ಕಿಲೋಮೀಟರ್ ಎಕ್ಸ್‌ಪ್ರೆಸ್‌ವೇ, 8,480 ಕೋಟಿ ರೂಪಾಯಿ, 2023ರ ಮಾರ್ಚಿನಲ್ಲಿ ಪ್ರಧಾನಿಗಳೇ ಬಂದು ಉದ್ಘಾಟನೆ ಮಾಡಿದರು. ಮೈಸೂರು 75 ನಿಮಿಷ ಅಂದರು. ಹೊಸ ರಸ್ತೆ ಬೊಂಬೆಗಳ ಊರಿಗೆ ಒಂದು ಸುತ್ತು ಹಾಕಿ, ಊರನ್ನು ಮುಟ್ಟದೆ, ಮುಂದೆ ಹೋಯಿತು. ಹಳೇ ಹೆದ್ದಾರಿಯ ಎರಡೂ ಬದಿಗೆ ಬೊಂಬೆ ಅಂಗಡಿಗಳು ಸಾಲಾಗಿ ನಿಂತಿದ್ದವು ನೆನಪಿದೆಯಾ? ಕಾಫಿಗೆ ನಿಂತವರು, ಮಗು ಅತ್ತಿತು ಅಂತ ನಿಂತವರು, ಮೂತ್ರಕ್ಕೆ ನಿಂತವರು, ಎಲ್ಲರೂ ಒಂದು ಕುದುರೆಯನ್ನೋ ಬುಗುರಿಯನ್ನೋ ಕೊಂಡು ಹೋಗುತ್ತಿದ್ದರು. ಒಂದು ಊರಿನ ಕಸುಬು ಇಷ್ಟು ದಿನ ಬೆಂಗಳೂರಿನವರ ಮೂತ್ರಕೋಶದ ಮೇಲೆ ನಿಂತಿತ್ತು ಅಂದರೆ ನಗಬೇಡಿ. ನಿಜ ಹಾಗೇ ಇತ್ತು. 75 ನಿಮಿಷ ಯಾರು ಬೇಕಾದರೂ ತಡೆದುಕೊಳ್ಳುತ್ತಾರೆ.

ಹೋಗಲಿ, ಊರಿಗೆ ಜನ ಬರದೇ ಇಲ್ಲ. 2024ರ ಉಪಚುನಾವಣೆಗೆ ಇಡೀ ರಾಜ್ಯದ ರಾಜಕಾರಣ ಚನ್ನಪಟ್ಟಣದಲ್ಲೇ ಬಿಡಾರ ಹೂಡಿತ್ತು. ಬೊಂಬೆಯೂರಿನಲ್ಲಿ ಯಾರು ಯಾರ ಕೈಗೊಂಬೆ ಅಂತ ಟಿವಿಯವರು ರಾತ್ರಿಯಿಡೀ ಚರ್ಚೆ ಮಾಡಿದರು. ಮರದ ಗೊಂಬೆಯ ಪಾಳಿ ಬರುವ ಹೊತ್ತಿಗೆ ಫಲಿತಾಂಶ ಬಂದಿತ್ತು.

ನಮ್ಮಲ್ಲಿ ಗೌರವಕ್ಕೆ ಏನೂ ಕೊರತೆ ಇಲ್ಲ. ಮೆಟ್ರೋದ ಗುಲಾಬಿ ಮಾರ್ಗದಲ್ಲಿ ಒಂದು ನಿಲ್ದಾಣದ ಹೆಸರೇ ಪಾಟರಿ ಟೌನ್. ಕುಂಬಾರರ ಹೆಸರು ನೆಲದಡಿಯಲ್ಲಿ ಶಾಶ್ವತ. ನೆಲದ ಮೇಲಿನ ಕುಂಬಾರರಿಗೆ ಮಣ್ಣು ಬೇಕು, ಮಣ್ಣಿಗೆ ಕೆರೆ ಬೇಕು. ಧರ್ಮಾಂಬುಧಿ ಕೆರೆಯಲ್ಲಿ ಕೆಂಪೇಗೌಡ ಬಸ್ ನಿಲ್ದಾಣ ಇದೆ. ಸಂಪಂಗಿ ಕೆರೆಯಲ್ಲಿ ಕಂಠೀರವ ಕ್ರೀಡಾಂಗಣ ಇದೆ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅಂತ ಹಿರಿಯರು ಹೇಳಿದ್ದು ಮಡಕೆಗೆ. ಕೆರೆಗೂ ಅದೇ ಲೆಕ್ಕ ಅಂತ ಅವರಿಗೆ ಹೊಳೆದಿರಲಿಕ್ಕಿಲ್ಲ.

ಈಗ ಆ ಇನ್ನೊಂದು ವಿಷಯ.

ಊಟಕ್ಕೆ ಕೂರುವ ಹೊತ್ತಿಗೆ ಮನೆಯ ಹುಡುಗನ ಫೋನು ಹೊಡೆದುಕೊಂಡಿತು. ಗೇಟಿನಿಂದ. ಒಂದು ಡ್ರಾಯರ್ ಸಿಕ್ಕಿಕೊಳ್ಳುತ್ತಿತ್ತಂತೆ, ಸರಿ ಮಾಡಲು ಬಡಗಿ ಬಂದಿದ್ದ. ಈ ಮನೆಯ ಅಡುಗೆಮನೆ, ಮಂಚ, ವಾರ್ಡ್‌ರೋಬು, ಟಿವಿ ಗೋಡೆ ಎಲ್ಲ ಮಾಡಿದವನು ಅವನೇ. ಐದು ತಿಂಗಳು ಇಲ್ಲೇ ಕೆಲಸ. ರಾಜಸ್ಥಾನದವನು. ಹದಿನೈದು ವರ್ಷದಿಂದ ಬೆಂಗಳೂರಿನಲ್ಲಿದ್ದಾನೆ. ಈ ಊರಿನ ಫ್ಲ್ಯಾಟುಗಳ ಒಳಗೆ ಏನಾದರೂ ಒಂದು ರೂಪ ಇದ್ದರೆ ಅದನ್ನು ಕೊಟ್ಟವರು ಇವನಂಥವರು. ಇಂಚು ಪಟ್ಟಿ, ಕಿವಿಗೆ ಸಿಕ್ಕಿಸಿದ ಪೆನ್ಸಿಲ್ಲು, ಫೆವಿಕಾಲ್ ಡಬ್ಬ ಹಿಡಿದು ಬಂದು, ವಕ್ರ ಗೋಡೆಗೆ ನೆಟ್ಟಗಿನ ಕಪಾಟು ಕೂರಿಸಿ ಹೋಗುತ್ತಾರೆ. ಆದರೆ ಅವನು ಪ್ಲೈ ಕೊಯ್ಯುತ್ತಾನೆ, ಮೈಕಾ ಅಂಟಿಸುತ್ತಾನೆ. ಆದ್ದರಿಂದ ಆರ್ಟಿಸನ್ ಅಲ್ಲ, ಕಾರ್ಪೆಂಟರ್. ಅವನಿಗೆ ಕಥೆ ಇಲ್ಲ. ಲೋಕಲ್ ಅಂತೂ ಅಲ್ಲವೇ ಅಲ್ಲ. ಲೋಕಲ್ ಅಂದರೆ ವಾರ್ಲಿ ಸ್ಟಿಕ್ಕರ್.

ಅವನು ಮೇಲೆ ಬರಲು ಮುಕ್ಕಾಲು ಗಂಟೆ ಹಿಡಿಯಿತು. ಮೂರು ಲಿಫ್ಟ್ ಇವೆ. ಎರಡು ನಿವಾಸಿಗಳಿಗೆ, ಅವರ ನಾಯಿಗಳಿಗೆ. ಒಂದು ಸರ್ವಿಸ್ ಲಿಫ್ಟ್, ಕಸದ ಡ್ರಮ್ಮಿಗೂ ಕೆಲಸದವರಿಗೂ ಸೇರಿ. ಅವತ್ತು ಭಾನುವಾರ, ಅದು ಬಂದ್. ಹದಿನಾಲ್ಕು ಮಹಡಿ ಹತ್ತಿ ಬಂದ. ಬೆವರು ಒರೆಸಿಕೊಂಡು ಡ್ರಾಯರ್ ಎಳೆದು, ಚಾನಲ್ಲಿನ ಒಂದು ಸ್ಕ್ರೂ ಬಿಗಿ ಮಾಡಿ, ಎರಡು ಸಲ ತಳ್ಳಿ ನೋಡಿದ. ಐದು ನಿಮಿಷದ ಕೆಲಸ. ನಾನು ಸುಮ್ನೆ ಮಾತಿಗೆ, ಇಷ್ಟು ತಿಂಗಳು ಇಲ್ಲೇ ಇದ್ದೆಯಲ್ಲ, ಊಟ ತಿಂಡಿ ಎಲ್ಲ ಎಲ್ಲಪ್ಪಾ ಅಂದೆ. 'ಊಟ ಇಲ್ಲೇ ನೆಲದ ಮೇಲೆ ಸಾರ್. ಟಾಯ್ಲೆಟ್ಟಿಗೆ ಬೇಸ್‌ಮೆಂಟ್' ಅಂದ. ಈ ಮನೆಯಲ್ಲಿ ಮೂರು ಬಾತ್‌ರೂಮ್ ಇವೆ. ಮೂರರ ಕನ್ನಡಿ ಕಪಾಟೂ ಅವನೇ ಮಾಡಿದ್ದು.

ಇಲ್ಲಿ ಬರೆಯಲು ಒಂದು ತಮಾಷೆ ಹುಡುಕಿದೆ. ಸಿಗಲಿಲ್ಲ. ಸಾಕಾಗಿದೆ ಕಣ್ರೀ. ಮೊರಕ್ಕೆ ಮೇಲಿಂದ ದೀಪ ಬಿಡಲು ಗೊತ್ತು, ಮೊರ ನೇತುಹಾಕಿದವನು ಲಿಫ್ಟಿನಲ್ಲಿ ಪಕ್ಕ ನಿಂತರೆ ಮೂಗು ಮುಚ್ಚಿಕೊಳ್ಳುತ್ತೇವೆ. 2023ರಲ್ಲಿ ಪಿಎಂ ವಿಶ್ವಕರ್ಮ ಅಂತ ಯೋಜನೆ ಬಂತು. ಅದರ 18 ಕಸುಬುಗಳ ಪಟ್ಟಿಯಲ್ಲಿ ಬಡಗಿಯ ಹೆಸರಿದೆ. ಉಪಕರಣಕ್ಕೆ 15,000 ರೂಪಾಯಿ ಕೊಡುತ್ತಾರೆ. ದೆಹಲಿಯ ಪಟ್ಟಿಯಲ್ಲಿ ಸೇರಿದವನು ಅಪಾರ್ಟ್‌ಮೆಂಟಿನ ಲಿಫ್ಟಿನ ಪಟ್ಟಿಯಲ್ಲಿ ಸೇರಲು ಇನ್ನೆಷ್ಟು ಯೋಜನೆ ಬರಬೇಕೋ. ಅಸೋಸಿಯೇಷನ್ ನಿಯಮ ಅಂತಾರೆ. ಆ ನಿಯಮ ಬರೆದವರ ಮನೆಗೂ ಬಾಗಿಲು ಕೂರಿಸಿದ್ದು ಇನ್ನೊಬ್ಬ ಬಡಗಿಯೇ.

ಹಾಗಂತ ಬಡಗಿಗಳೆಲ್ಲ ಸತ್ಯಹರಿಶ್ಚಂದ್ರರು ಅಂತ ನಾನು ಹೇಳುತ್ತಿಲ್ಲ. ನಮ್ಮ ಮನೆಯ ಒಂದು ಸ್ಟೂಲಿನ ಕಾಲು ಅಲ್ಲಾಡಲು ಶುರುವಾಗಿ ಎಂಟು ತಿಂಗಳಾಯಿತು. ನಮ್ಮ ಆಚಾರಿ 'ನಾಳೆ ಬರ್ತೀನಿ ಸಾರ್' ಅಂತಲೇ ಇದ್ದಾರೆ. ಅವರ ನಾಳೆಯೂ ಸರ್ಕಾರದ ನಾಳೆಯೂ ಒಂದೇ ಪಂಚಾಂಗದ್ದು. ಅಳತೆ ತಪ್ಪಾದರೆ ಗೋಡೆಯದೇ ತಪ್ಪು. ಪ್ಲೈ ಎಷ್ಟು ತಂದುಕೊಟ್ಟರೂ ಅರ್ಧ ಹಾಳೆ ಕಡಿಮೆ ಬೀಳುತ್ತದೆ. ಅದೆಲ್ಲ ಬೇರೆ ಲೆಕ್ಕ. ಜಗಳ ಆಡೋಣ, ದುಡ್ಡು ಹಿಡಿಯೋಣ. ಮೂತ್ರಕ್ಕೆ ಹದಿನಾಲ್ಕು ಮಹಡಿ ಇಳಿಸೋದು ಬೇಡ.

ಹೊರಡುವಾಗ ತಾಂಬೂಲದ ಜೊತೆ ಒಂದು ಪುಟ್ಟ ಬಿದಿರಿನ ಬುಟ್ಟಿ ಕೊಟ್ಟರು. ಅದಕ್ಕೊಂದು ಚೀಟಿ ಕಟ್ಟಿತ್ತು. ಪ್ರೀತಿಯಿಂದ ಕೈಯಲ್ಲಿ ಹೆಣೆದದ್ದು ಅಂತ ಇಂಗ್ಲಿಷಿನಲ್ಲಿ ಬರೆದಿತ್ತು. ಯಾರ ಪ್ರೀತಿ ಅಂತ ಇರಲಿಲ್ಲ.

ಈ ಮನೆಯ ಗುಂಗಿನಲ್ಲೇ ಈ ಸಲ ಗೌರಿ ಹಬ್ಬಕ್ಕೆ ಬಾಗಿನದ ಮೊರ ತರಲು ಗಾಂಧಿ ಬಜಾರಿಗೆ ಹೋದೆ. ಚೌಕಾಸಿ ಮಾಡಬಾರದು ಅಂತ ದಾರಿಯುದ್ದಕ್ಕೂ ಅಂದುಕೊಂಡೇ ಹೋಗಿದ್ದೆ. ಫುಟ್‌ಪಾತಿನ ಮೇಲೆ ಕೂತ ಹೆಂಗಸು ಜೋಡಿಗೆ 250 ಅಂದಳು. '200ಕ್ಕೆ ಕೊಡಮ್ಮಾ' ಅಂದುಬಿಟ್ಟೆ. ನಾನು ಹೇಳಿದ್ದಲ್ಲ, ಬಾಯಿ ಹೇಳಿತು.

ಅವಳು ಮೊರವನ್ನು ನನ್ನ ಕೈಯಿಂದ ವಾಪಸ್ ಇಸಿದುಕೊಂಡಳು. 'ಮೊನ್ನೆ ಒಬ್ಬಳು ಹುಡುಗಿ ಕಾರಲ್ಲಿ ಬಂದು ನಲವತ್ತು ಮೊರ ತಗೊಂಡು ಹೋದ್ಳು ಸ್ವಾಮಿ. ಗೋಡೆಗೆ ಹಾಕ್ತಾರಂತೆ. ಕೇಳಿದಷ್ಟು ಕೊಟ್ಳು. ನೀವೇ ನೋಡಿ, ಹಬ್ಬ ಮಾಡೋರು, ಐವತ್ತು ರೂಪಾಯಿಗೆ ನಿಂತಿದ್ದೀರ.'