ತೂಕದ ದಿನ

ಒಂದು, ಎರಡು ಕಲಿಸುವುದು ಸುಲಭ ಅಂದುಕೊಂಡವರು ನಮ್ಮ ಅಂಗನವಾಡಿಗೆ ಒಮ್ಮೆ ಬಂದು ನೋಡಬೇಕು. ನಾನು ಒಂದು ಬೆರಳೆತ್ತಿ "ಒಂದು" ಅಂದರೆ ಸಾಕು, ಅರ್ಧಕ್ಕರ್ಧ ಮಕ್ಕಳು ಚಡ್ಡಿ ಹಿಡಿದುಕೊಂಡು ಬಾಗಿಲ ಕಡೆ ಓಡುತ್ತವೆ. ಎರಡು ಬೆರಳೆತ್ತುವ ಧೈರ್ಯ ನನಗೆ ಇನ್ನೂ ಬಂದಿಲ್ಲ. ಅದಕ್ಕೇ ಎಣಿಕೆಯನ್ನು ಹುಣಸೆ ಬೀಜಕ್ಕೆ ಬದಲಾಯಿಸಿದೆವು. ಈಗ ಎಣಿಸುವುದು ನಾನು, ಲೆಕ್ಕಕ್ಕೆ ಸಿಗದ ಬೀಜವನ್ನು ಯಾರ ಮೂಗಿನಲ್ಲಿದೆ ಎಂದು ಹುಡುಕುವುದು ಸಹಾಯಕಿ.

ನಮ್ಮದು ತಿ. ನರಸೀಪುರ ತಾಲ್ಲೂಕು. 1975ರ ಅಕ್ಟೋಬರ್ 2ರಂದು ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಶುರುವಾದಾಗ ರಾಜ್ಯದ ಮೊದಲ 100 ಅಂಗನವಾಡಿಗಳು ಬಂದದ್ದು ಇಲ್ಲೇ. ಊರಿಗೆ ಇದು ಹೆಮ್ಮೆ, ನನಗೆ ತಲೆನೋವು. ಯಾಕೆಂದರೆ ಮೊಮ್ಮಕ್ಕಳನ್ನು ಬಿಡಲು ಬರುವ ಕೆಲವು ಅಜ್ಜಿಯರು ಆ ಕಾಲದಲ್ಲೇ ಚಾಪೆ ಒದ್ದೆ ಮಾಡಿ ಹೋದವರು. ಏನು ಹೇಳಿದರೂ "ನಿನ್ಗಿಂತ ಮೊದ್ಲು ಅಂಗನವಾಡಿ ಕಂಡೋಳು ಕಣವ್ವ ನಾನು" ಅನ್ನುತ್ತಾರೆ. ಸೀನಿಯಾರಿಟಿಗೆ ಎದುರಾಡುವಂತಿಲ್ಲ.

ತಿಂಗಳಿಗೊಮ್ಮೆ ಮಕ್ಕಳ ತೂಕ ನೋಡಿ, ಎತ್ತರ ಅಳೆದು, ಚಾರ್ಟಿನಲ್ಲಿ ಗುರುತಿಸಿ, ಮೊಬೈಲಿಗೂ ಏರಿಸಬೇಕು. ತೂಕದ ಯಂತ್ರದ ಮೇಲೆ ನಿಂತ ಮೂರು ವರ್ಷದ ಮಗು ಅಲುಗಾಡಬಾರದು ಎಂದು ಬರೆದವರು ಯಾರೋ, ಅವರ ಮನೆಯಲ್ಲಿ ಮಕ್ಕಳಿರಲಿಲ್ಲ ಅನಿಸುತ್ತದೆ. ಒಬ್ಬ ಅದರ ಮೇಲೆ ಕುಣಿಯುತ್ತಾನೆ. ಇನ್ನೊಬ್ಬಳು ಪಕ್ಕದ ಕಿಟಕಿಯ ಸರಳಿಗೆ ಜೋತುಬಿದ್ದು ನಾಲ್ಕೇ ಕೆಜಿ ತೂಗುತ್ತಾಳೆ. ಮತ್ತೊಬ್ಬಳು ತಾನು ಹತ್ತಬೇಕಾದರೆ ತನ್ನ ಗೆಳತಿಯೂ ಹತ್ತಬೇಕು ಎಂದು ಹಟ ಹಿಡಿಯುತ್ತಾಳೆ.

ಆ ಸಲ ತೂಕವೂ ಮೊಟ್ಟೆಯೂ ಒಂದೇ ದಿನ ಬಂದವು. ಮೊಟ್ಟೆ ಬೇಯುವ ವಾಸನೆ ಬಂದಮೇಲೆ ಯಾವ ಮಗುವೂ ಸಾಲಿನಲ್ಲಿ ನಿಲ್ಲುವುದಿಲ್ಲ. ಹೇಗೋ ಚಿನ್ನುವನ್ನು ಹಿಡಿದು ನಿಲ್ಲಿಸಿದೆ. 12.9 ತೋರಿಸಿತು. ಅವನ ಅಜ್ಜಿ ಬಾಗಿಲಲ್ಲೇ ನಿಂತು, "ತೂಕ ಹಾಕ್ಬ್ಯಾಡಿ ಕಣ್ ಮಿಸ್ಸು, ಮೊಗ ಸೊರಗೋಯ್ತದೆ" ಎನ್ನುತ್ತಲೇ ಇದ್ದರು. ಅಷ್ಟರಲ್ಲಿ ಚಿನ್ನುವಿನ ಚಡ್ಡಿ ಜೇಬು ಯಾಕೋ ಜೋಲುತ್ತಿದೆ ಅನಿಸಿತು. ಕೈ ಹಾಕಿದರೆ ಜಲ್ಲಿಕಲ್ಲು, ಎರಡು ಗೋಲಿ, ಕಾಲು ಮುರಿದ ಪ್ಲಾಸ್ಟಿಕ್ ಆನೆ, ಕೊನೆಗೆ ದಾಸ್ತಾನು ಕೋಣೆಯ ಬೀಗದ ಕೈ! ಅದು ಕಳೆದುಹೋಯಿತೆಂದು ನಾವು ಬೀಗವನ್ನೇ ಒಡೆಸಿ ಆಗಿತ್ತು.

ಜೇಬು ಖಾಲಿ ಮಾಡಿ ಮತ್ತೆ ನಿಲ್ಲಿಸಿದರೆ 12.3.

"ನೋಡುದ್ರಾ!" ಅಜ್ಜಿಯ ದನಿ ಏರಿತು. "ನನ್ ಕಣ್ ಮುಂದೆನೇ ಇಳ್ದೋಯ್ತು!"

ಕಲ್ಲಿನ ತೂಕ ಅಜ್ಜಿ ಎಂದು ನಾನು ಹೇಳಿದ್ದನ್ನು ಅವರು ಕೇಳಿಸಿಕೊಳ್ಳಲಿಲ್ಲ. ಸೀದಾ ಅಡುಗೆಮನೆಗೆ ನುಗ್ಗಿ ಡಬ್ಬಿಯಿಂದ ಒಣಮೆಣಸಿನಕಾಯಿ, ಕಲ್ಲುಪ್ಪು ತೆಗೆದು ಮೊಮ್ಮಗನಿಗೆ ಮೂರು ಸಲ ನಿವಾಳಿಸಿ ಒಲೆಗೆ ಹಾಕೇಬಿಟ್ಟರು. ದೃಷ್ಟಿಯಾಗಿದ್ದರೆ ಮೆಣಸಿನಕಾಯಿ ಘಾಟು ಬರಬಾರದಂತೆ. ಬಂತು ನೋಡಿ! ಮಕ್ಕಳೆಲ್ಲ ಕೆಮ್ಮುತ್ತ ಅಂಗಳಕ್ಕೆ ಓಡಿದವು. ಸಹಾಯಕಿ ಒಂದು ಕೈಯಲ್ಲಿ ಮೊಟ್ಟೆಯ ಪಾತ್ರೆ, ಇನ್ನೊಂದರಲ್ಲಿ ಎಲ್ಲರಿಗಿಂತ ಚಿಕ್ಕವಳನ್ನು ಎತ್ತಿಕೊಂಡು ಹೊರಗೆ ಬಂದಳು. ಚಿನ್ನುವಿಗೆ ಮಾತ್ರ ಪರಮಾನಂದ, ಅವನು ತನ್ನ ಕಲ್ಲುಗಳನ್ನು ವಾಪಸು ಜೇಬಿಗೆ ತುಂಬಿಕೊಳ್ಳುತ್ತಿದ್ದ.

ಗೇಟಿನ ಬಳಿ ಸ್ಕೂಟರ್ ನಿಂತದ್ದು ಆಗಲೇ. ಮೇಲ್ವಿಚಾರಕಿ! ಅವರಿಗೆ ಕಂಡದ್ದು ಇಷ್ಟು: ಕಿಟಕಿಯಿಂದ ಹೊಗೆ, ಅಂಗಳದಲ್ಲಿ ಕಣ್ಣೀರು ಸುರಿಸುವ ಮಕ್ಕಳು, ಸೆರಗಿನಿಂದ ಮೂಗು ಮುಚ್ಚಿಕೊಂಡ ಕಾರ್ಯಕರ್ತೆ. ನಾನು ಬಾಯಿ ತೆರೆಯುವ ಮೊದಲೇ ಕೆಮ್ಮು ಬಂತು. ವಿವರಣೆ ಕೊಟ್ಟವರು ಅಜ್ಜಿ.

"ಘಾಟು ಬಂತು ತಾಯಿ, ಮೊಗಕ್ಕೆ ಏನೂ ಆಗಿಲ್ಲ ಬುಡಿ." ಹಾಗೆಂದವರು ಮೇಡಮ್ಮನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ನೀವೇ ವಸಿ ಇಳ್ದೋಗಿದ್ದೀರಿ. ಬಿಸ್ಲಲ್ಲಿ ಊರೂರು ಸುತ್ತೋರು, ಯಾರ್ ಕಣ್ಣು ಬಿತ್ತೋ ಏನೋ."

ಸಣ್ಣಗಾಗಿದ್ದೀರಿ ಎಂದು ಹೇಳಿದರೆ ಯಾವ ಹೆಂಗಸು ತಾನೇ ಬೇಡ ಅಂದಾಳು? ಮೇಡಂ ಬ್ಯಾಗನ್ನು ನನ್ನ ಕೈಗೆ ಕೊಟ್ಟು ಪೂರ್ವಕ್ಕೆ ಮುಖ ಮಾಡಿ ನಿಂತರು. ಮಕ್ಕಳು ಸುತ್ತಲೂ ಗೋಲವಾಗಿ ಕೂತವು. ದಿನವಿಡೀ ನಾನು ಕೂರಿಸಲು ಒದ್ದಾಡುವ ಅದೇ ಗೋಲ! ಅಜ್ಜಿ ಮೂರು ಸಲ ಇಳಿತೆಗೆದು ಮೆಣಸಿನಕಾಯಿ ಒಲೆಗೆ ಹಾಕಿದರು. ಅಷ್ಟು ಹೊತ್ತಿಗೆ ಸಹಾಯಕಿ ಬಾಗಿಲು, ಕಿಟಕಿ ಎಲ್ಲ ತೆರೆದಿದ್ದಳು. ಘಾಟು ಸುಳಿಯಲೇ ಇಲ್ಲ.

"ನಾ ಯೋಳಿಲ್ವಾ? ಬಾಳ ದೃಷ್ಟಿ ಆಗಿತ್ತು" ಎಂದರು ಅಜ್ಜಿ.

ಮೇಡಂ ಹಗುರವಾದವರಂತೆ ಕೂತು ಒಂದು ಮೊಟ್ಟೆ ತಿಂದರು. ಭೇಟಿ ಪುಸ್ತಕದಲ್ಲಿ ಬರೆದದ್ದು ಒಂದೇ ಸಾಲು: "ಮಕ್ಕಳ ಹಾಜರಾತಿ ಹಾಗೂ ಸಮುದಾಯದ ಸಹಭಾಗಿತ್ವ ಉತ್ತಮವಾಗಿದೆ."