ಮನೆಯಲ್ಲಿ ಟೆಸ್ಲಾ ಕಾಯಿಲ್ ಕಟ್ಟಬಹುದೇ?

ಪರ: ಸುತ್ತು ಎಣಿಸಿದ ಕೈ ಪಾಠ ಮರೆಯುವುದಿಲ್ಲ

ನಮ್ಮ ಕಡೆ ನಾಗರಪಂಚಮಿ ಬಂತೆಂದರೆ ಮರಕ್ಕೆ ಜೋಕಾಲಿ ಕಟ್ಟುತ್ತಾರೆ. ಜೀಕಿ ಗೊತ್ತಿದ್ದವರಿಗೆ ಒಂದು ವಿಷಯ ಗೊತ್ತು. ಜೋರಾಗಿ ನೂಕಬೇಕಿಲ್ಲ. ಜೋಕಾಲಿ ಹಿಂದೆ ಬಂದು ಮತ್ತೆ ಮುಂದಕ್ಕೆ ಹೊರಡುವ ಹೊತ್ತಿಗೆ ಸರಿಯಾಗಿ ಸಣ್ಣದೊಂದು ತಳ್ಳು ಕೊಟ್ಟರೆ ಸಾಕು. ಹೀಗೆ ಹತ್ತಿಪ್ಪತ್ತು ಸಲ ತಳ್ಳಿದರೆ ಕಾಲು ಎಲೆಗೆ ತಾಗುತ್ತದೆ.

ಟೆಸ್ಲಾ ಕಾಯಿಲ್ ಎಂದರೆ ಕಡಿಮೆ ವೋಲ್ಟನ್ನು ಬಹಳ ಹೆಚ್ಚು ವೋಲ್ಟಿಗೆ ಏರಿಸುವ ತಂತಿ ಸುರುಳಿಗಳ ಜೋಡಿ. ಅದರ ಒಳಗೆ ನಡೆಯುವುದೂ ಇದೇ. ನಾಲ್ಕೈದು ಸುತ್ತಿನ ದಪ್ಪ ತಂತಿ ತಳ್ಳುತ್ತದೆ. ನೂರಾರು ಸುತ್ತಿನ ತೆಳು ತಂತಿ ಜೀಕುತ್ತದೆ, ಅದೂ ಸೆಕೆಂಡಿಗೆ ಲಕ್ಷಗಟ್ಟಲೆ ಸಲ. ಹೊತ್ತು ಹೊಂದಿದರೆ 12 ವೋಲ್ಟಿನಿಂದ ಹೊರಟಿದ್ದು ಮೇಲಿನ ತುದಿಯಲ್ಲಿ ಸಾವಿರ ವೋಲ್ಟ್ ದಾಟಬಲ್ಲದು. ಪಠ್ಯಪುಸ್ತಕ ಇದನ್ನು ಅನುರಣನೆ ಎನ್ನುತ್ತದೆ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವನು. ಈ ಪದವನ್ನು ಬೋರ್ಡಿನ ಮೇಲೆ ಎಷ್ಟು ಸಲ ಬರೆದಿದ್ದೇನೋ. ಮಕ್ಕಳೂ ಬರೆದುಕೊಳ್ಳುತ್ತಾರೆ, ಪರೀಕ್ಷೆ ಮುಗಿದ ಮೇಲೆ ಬಿಟ್ಟುಬಿಡುತ್ತಾರೆ.

ಕಳೆದ ಬೇಸಿಗೆ ರಜೆಯಲ್ಲಿ ಒಂಬತ್ತನೇ ತರಗತಿಯ ಮಗಳ ಜೊತೆ ಒಂದು ಕಾಯಿಲ್ ಕಟ್ಟಿದೆ. ಪಂಪ್‌ಸೆಟ್ ರೀವೈಂಡಿಂಗ್ ಅಂಗಡಿಯಲ್ಲಿ ವೈಂಡಿಂಗ್ ವೈರ್ ತೂಕಕ್ಕೆ ಕೊಡುತ್ತಾರೆ. ಅಲ್ಲಿಂದ ಕೂದಲೆಳೆಗಿಂತ ಸ್ವಲ್ಪ ದಪ್ಪದ ತಂತಿ ತಂದೆವು. ಗೇಣುದ್ದದ ಪಿವಿಸಿ ಪೈಪ್, ಒಂದು ಪವರ್ ಟ್ರಾನ್ಸಿಸ್ಟರ್, ಅದು ಕಾಯುವುದರಿಂದ ಹೀಟ್ ಸಿಂಕ್, 22 ಕಿಲೋಓಮ್‌ನ ರೆಸಿಸ್ಟರ್, ಒಂದು ಎಲ್‌ಇಡಿ, 12 ವೋಲ್ಟಿನ ಅಡಾಪ್ಟರ್. ಇಷ್ಟೇ ಸಾಮಾನು.

350 ಸುತ್ತು ಸುತ್ತಬೇಕಿತ್ತು. ಒಂದರ ಮೇಲೊಂದು ಏರಬಾರದು, ನಡುವೆ ಸಂದೂ ಬಿಡಬಾರದು. 210ಕ್ಕೆ ಬಂದಾಗ ಅವಳಿಗೆ ಸೀನು ಬಂತು. ಕೈ ಜಾರಿ ಅರ್ಧ ಬಿಚ್ಚಿಕೊಂಡಿತು. ಅಳುತ್ತಾಳೇನೋ ಅಂದುಕೊಂಡೆ. ಸುಮ್ನೆ ಮತ್ತೆ ಸುತ್ತಲು ಕೂತಳು. ಈ ಸಲ ಪ್ರತಿ 50ಕ್ಕೆ ಒಂದು ಚೂರು ಟೇಪ್ ಅಂಟಿಸಿದಳು. ಅದನ್ನು ನಾನು ಹೇಳಿಕೊಟ್ಟಿರಲಿಲ್ಲ.

ಎಲ್ಲ ಜೋಡಿಸಿ ಸ್ವಿಚ್ ಹಾಕಿದರೆ ಏನೂ ಆಗಲಿಲ್ಲ. ಎರಡು ದಿನ ಹುಡುಕಿದೆವು. ತಂತಿಯ ತುದಿಯ ಎನಾಮಲ್ ಲೇಪ ಪೂರ್ತಿ ಕೆರೆದಿಲ್ಲವೇನೋ ಎಂದು ಇನ್ನೊಮ್ಮೆ ಕೆರೆದೆವು. ಟ್ರಾನ್ಸಿಸ್ಟರ್ ಬದಲಿಸಿದೆವು. ಮೂರನೇ ದಿನ ಅವಳೇ ಕೇಳಿದಳು: “ಅಪ್ಪಾ, ನಾವು ತಪ್ಪು ಹೊತ್ತಿಗೆ ಜೀಕ್ತಿದೀವಾ?” ಕೆಳಗಿನ ದಪ್ಪ ತಂತಿಯ ಎರಡು ತುದಿಗಳನ್ನು ಅದಲು ಬದಲು ಮಾಡಿದಳು. ಎಲ್ಲಿಗೂ ತಂತಿಯೇ ಇಲ್ಲದ ಹಳೆಯ ಸಿಎಫ್‌ಎಲ್ ಬಲ್ಬು ಅವಳ ಕೈಯಲ್ಲಿ ಹೊತ್ತಿಕೊಂಡಿತು.

ನಾನು ಮನೆಯವರನ್ನೆಲ್ಲ ಕರೆಯಲು ಓಡಿದೆ. ವಾಪಸ್ ಬಂದಾಗ ಅವಳು ಬಲ್ಬು ಹಿಡಿದು ಒಂದೊಂದೇ ಅಂಗುಲ ಹಿಂದೆ ಸರಿಯುತ್ತಿದ್ದಳು. ಎಲ್ಲಿ ಆರಿತೋ ಅಲ್ಲಿ ನೆಲದ ಮೇಲೆ ಸೀಮೆಸುಣ್ಣದಿಂದ ಗೆರೆ ಎಳೆದಳು. ಬಲ್ಬನ್ನು ಅಡ್ಡ ಹಿಡಿದು ಇನ್ನೊಂದು ಗೆರೆ. ತುದಿಗೆ ಅಲ್ಯೂಮಿನಿಯಂ ಫಾಯಿಲ್ ಸುತ್ತಿದ ಚೆಂಡು ಇಟ್ಟು ಮತ್ತೊಂದು. ಆ ಗೆರೆಗಳನ್ನು ವಾರಗಟ್ಟಲೆ ಗುಡಿಸಲು ಬಿಡಲಿಲ್ಲ. ಯಾವ ಪರೀಕ್ಷೆಗೂ ಅವಳು ಹೀಗೆ ಅಳೆದು ಬರೆದಿದ್ದು ನಾನು ನೋಡಿಲ್ಲ.

ನಿಕೋಲಾ ಟೆಸ್ಲಾ ಈ ಕಾಯಿಲ್ ಮಾಡಿದ್ದು 1891ರಲ್ಲಿ. ಆತ ಬೆಳೆಸಿದ ಆಲ್ಟರ್ನೇಟಿಂಗ್ ಕರೆಂಟ್ 1902ರಲ್ಲೇ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಹರಿಯಿತು. ಅಂಥ ನಾಡಿನ ಮಕ್ಕಳು ಕಾಯಿಲನ್ನು ಮೊಬೈಲ್ ವಿಡಿಯೊದಲ್ಲಿ ಮಾತ್ರ ನೋಡಬೇಕೇ?

ಅಪಾಯ, ಅಪಾಯ ಎನ್ನುವವರಿದ್ದಾರೆ. ಅವರ ಮಾತು ಕೇಳುತ್ತಾ ಹೋದರೆ ಮಕ್ಕಳು ಇಸ್ತ್ರಿ ಪೆಟ್ಟಿಗೆಯನ್ನೂ ಮುಟ್ಟುವಂತಿಲ್ಲ, ಸೈಕಲ್ಲನ್ನೂ ಹತ್ತುವಂತಿಲ್ಲ. ನಮ್ಮದು 12 ವೋಲ್ಟಿನದು. ಪಕ್ಕದಲ್ಲಿ ನಾನಿದ್ದೆ. ಈ ದಸರಾ ರಜೆಗೆ 500 ಸುತ್ತಿನದು ಕಟ್ಟಬೇಕಂತೆ. ಪೈಪ್ ಆಗಲೇ ತಂದಿಟ್ಟಿದ್ದೇವೆ.

ವಿರೋಧ: 12 ವೋಲ್ಟಿಗೆ ಯಾರೂ ನಿಲ್ಲುವುದಿಲ್ಲ

ವಿರೋಧದ ಬದಿ ಬರೆಯಿರಿ ಎಂದು ನನ್ನನ್ನು ಕೇಳಿದರು, ಒಪ್ಪಿಕೊಂಡೆ. ಬ್ಯಾಟರಿಯಲ್ಲಿ ನಡೆಯುವ ಪುಟ್ಟ ಕಾಯಿಲ್ ಬಗ್ಗೆ ನನಗೆ ದೊಡ್ಡ ತಕರಾರಿಲ್ಲ. ಆದರೆ 12 ವೋಲ್ಟಿಗೆ ಯಾರೂ ನಿಲ್ಲುವುದಿಲ್ಲ. ಟೆಸ್ಲಾನೇ ನಿಲ್ಲಲಿಲ್ಲ. 1891ರಲ್ಲಿ ಶುರು ಮಾಡಿದವನು 1899ರ ಹೊತ್ತಿಗೆ ಅಮೆರಿಕದ ಕೊಲೊರಾಡೊ ಸ್ಪ್ರಿಂಗ್ಸ್‌ನಲ್ಲಿ ಸುಮಾರು 15 ಮೀಟರ್ ಅಗಲದ ಕಾಯಿಲ್ ಕಟ್ಟಿದ್ದ.

ಮೊದಲು ಬಲ್ಬು ಹೊತ್ತುತ್ತದೆ. ಆಮೇಲೆ ಕಿಡಿ ಬೇಕು. ಆಮೇಲೆ ಮೊಳದುದ್ದದ ಮಿಂಚು ಬೇಕು. ಅಲ್ಲಿಗೆ ಹಳೆಯ ಮೈಕ್ರೊವೇವ್ ಓವನ್ ಬಿಚ್ಚುವ ಯೋಚನೆ ಬರುತ್ತದೆ. ನನ್ನ ಭಯ ಇರುವುದು ಈ ಒಂದು ಸಾಮಾನಿನ ಮೇಲೆ. ಅದರ ಟ್ರಾನ್ಸ್‌ಫಾರ್ಮರ್ ಸುಮಾರು 2000 ವೋಲ್ಟ್ ಕೊಡುತ್ತದೆ, ಜೊತೆಗೆ ಅರ್ಧ ಆಂಪಿಯರ್ ಕರೆಂಟ್. ಹೃದಯದ ಬಡಿತ ತಪ್ಪಿಸಲು ಅದರ ಐದನೇ ಒಂದು ಭಾಗವೇ ಜಾಸ್ತಿ. ಶಾಕ್ ಹೊಡೆದರೆ ತಾನಾಗಿ ಕರೆಂಟ್ ಕಡಿಯುವ ಇಎಲ್‌ಸಿಬಿ ಸ್ವಿಚ್ಚನ್ನು ಮನೆಗೆ ಹಾಕಿಸಿದ್ದೇವೆ ಎನ್ನುತ್ತೀರಿ, ಅಲ್ವಾ? ಅದು ಬೀಳುವುದಿಲ್ಲ. ಹೈವೋಲ್ಟೇಜ್ ಬದಿಯ ಕರೆಂಟ್ ಮೈಮೂಲಕ ಹರಿದು ಅದೇ ಟ್ರಾನ್ಸ್‌ಫಾರ್ಮರಿಗೆ ಮರಳುತ್ತದೆ. ಬೋರ್ಡಿನಲ್ಲಿರುವ ಇಎಲ್‌ಸಿಬಿಗೆ ಅದು ಕಾಣುವುದೇ ಇಲ್ಲ. ಇದೇ ಟ್ರಾನ್ಸ್‌ಫಾರ್ಮರಿನಿಂದ ಹಲಗೆಯ ಮೇಲೆ ಮಿಂಚಿನ ಚಿತ್ತಾರ ಸುಡಲು ಹೋಗಿ ಅಮೆರಿಕದಲ್ಲಿ ಎಷ್ಟೋ ಜನ ಸತ್ತಿದ್ದಾರೆ. ಅಲ್ಲಿನ ಮರಗೆಲಸದ ಹವ್ಯಾಸಿಗಳ ದೊಡ್ಡ ಸಂಘವೇ ತನ್ನ ಕಾರ್ಯಕ್ರಮಗಳಲ್ಲಿ ಅದನ್ನು ನಿಷೇಧಿಸಿದೆ.

ಇನ್ನೊಂದು ಮಾತು ಹುಡುಗರಲ್ಲಿ ಓಡಾಡುತ್ತಿರುತ್ತದೆ. ಕಾಯಿಲ್‌ನ ಮಿಂಚು ಚರ್ಮದ ಮೇಲಷ್ಟೇ ಹರಿದು ಹೋಗುತ್ತದೆ, ಏನೂ ಆಗಲ್ಲ ಅಂತ. ನಾನು ಡಿಪ್ಲೊಮಾ ಓದುವಾಗ ನನ್ನ ರೂಮ್‌ಮೇಟ್ ಕೂಡ ಹೀಗೇ ನಂಬಿದ್ದ. ಕಾಲೇಜಿನ ವಸ್ತುಪ್ರದರ್ಶನದಲ್ಲಿ ಎಲ್ಲರ ಮುಂದೆ ತೋರುಬೆರಳು ಒಡ್ಡಿದ. ಶಾಕ್ ಹೊಡೆಯಲಿಲ್ಲ. ಜನ ಚಪ್ಪಾಳೆ ತಟ್ಟಿದರು. ಬೆರಳ ತುದಿಯಲ್ಲಿ ಸಾಸಿವೆ ಕಾಳಿನಷ್ಟು ಬಿಳಿ ಚುಕ್ಕೆ ಇತ್ತು, ಅಷ್ಟೇ. ರಾತ್ರಿ ಹನ್ನೊಂದಕ್ಕೆ ನೋವು ಶುರುವಾಯಿತು. ಬೆಳಗಿನವರೆಗೆ ಬಕೆಟ್ಟಿನ ನೀರಿನಲ್ಲಿ ಕೈ ಇಟ್ಟುಕೊಂಡು ಕೂತಿದ್ದ. ಗಾಯ ಮೇಲೆ ಚಿಕ್ಕದು, ಒಳಗೆ ಆಳ. ಒಂದು ತಿಂಗಳು ಡ್ರೆಸಿಂಗ್ ಮಾಡಿಸಿದೆವು. ಆ ವರ್ಷದ ಡ್ರಾಯಿಂಗ್ ಪರೀಕ್ಷೆಗೆ ಅವನು ಕೂರಲಾಗಲಿಲ್ಲ. ಅಷ್ಟು ವೇಗವಾಗಿ ಅದುರುವ ಕರೆಂಟ್ ನಮ್ಮ ನರಗಳಿಗೆ ತಿಳಿಯುವುದಿಲ್ಲ. ತಿಳಿಯದಿದ್ದರೂ ಅದು ಸುಡುತ್ತದೆ.

ಕಲಿಯುವುದಕ್ಕೇನು, ಬೇರೆ ದಾರಿಗಳಿವೆ. ಸುರುಳಿ, ಹಳೆಯ ರೇಡಿಯೊದಲ್ಲಿ ಸ್ಟೇಷನ್ ಹುಡುಕಲು ತಿರುಗಿಸುವ ಗ್ಯಾಂಗ್ ಕಂಡೆನ್ಸರ್, ಡಯೋಡು, ಹೆಡ್‌ಫೋನ್ ಜೋಡಿಸಿ ಕ್ರಿಸ್ಟಲ್ ರೇಡಿಯೊ ಮಾಡಿ. ಅಲ್ಲಿಯೂ ಅನುರಣನೆಯೇ. ಬ್ಯಾಟರಿ ಕೂಡ ಬೇಡ.

ಮೊನ್ನೆ ಅಕ್ಕನ ಮಗ ಬಂದಿದ್ದ. “ಮಾಮಾ, ಅಟ್ಟದ ಮೇಲಿರೋ ಹಳೇ ಓವನ್ ಕೊಡ್ತೀಯಾ?” ಎಂದ. ಮರುದಿನವೇ ಅದನ್ನು ಗುಜರಿಗೆ ಹಾಕಿಸಿದೆ. ಅವನ ಕೈಗೆ ನನ್ನ ಹಳೆಯ ಗ್ಯಾಂಗ್ ಕಂಡೆನ್ಸರ್ ಕೊಟ್ಟೆ. ಎರಡು ಭಾನುವಾರ ಕೂತು ರೇಡಿಯೊ ಮಾಡಿದೆವು, ಆಕಾಶವಾಣಿ ಸಣ್ಣಗೆ ಕೇಳಿತು. ಈಗ ಬ್ಯಾಟರಿಯ ಟೆಸ್ಲಾ ಕಾಯಿಲ್ ಆದರೂ ಮಾಡೋಣ ಎನ್ನುತ್ತಿದ್ದಾನೆ. ನಾನಿನ್ನೂ ಹೂಂ ಅಂದಿಲ್ಲ.